ಇಂಚರಾಳ ಎಳೆ ನಕ್ಷತ್ರಗಳು

ಬೈಯಪ್ಪನಹಳ್ಳಿ, ಸಂಜೆ ಏಳು ಗಂಟೆ

ಪ್ರೀತಿಯ ಅತ್ತಿಗೆ,

ಇವತ್ತು ಇಂದಿರಾನಗರದಲ್ಲಿ ನಮ್ಮ ಇಂಚರಾಳ ಸಂತಾಪ ಸಭೆ ಆಯಿತು. ಹೆತ್ತವಳೆಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಅವಳ ಪಿಎಚ್‌ಡಿ ಗೈಡ್ ಭಾರ್ಗವ್ ಅವಳ ಫೋಟೊಗೆ ಹಾರ ಹಾಕಿ, ಅವಳು ಓದುತ್ತಿದ್ದ ಅತಿ ಮಸುಕಾದ ಕಿರು ಗ್ಯಾಲಕ್ಸಿಗಳ ಚಿತ್ರ ತೋರಿಸಿದರು. ವಿಶ್ವ ಎಳೆಯದಾಗಿದ್ದಾಗ ಅವುಗಳಲ್ಲಿ ಒಂದಿಷ್ಟು ನಕ್ಷತ್ರ ಹುಟ್ಟಿದವಂತೆ. ಅಷ್ಟರಲ್ಲಿ ಸುತ್ತಲಿನ ದೊಡ್ಡ ಗ್ಯಾಲಕ್ಸಿಗಳ ಬೆಳಕು ಇವುಗಳ ಅನಿಲವನ್ನು ಕಾಯಿಸಿ ಓಡಿಸಿತಂತೆ. ಆಮೇಲೆ ಹೊಸದು ಹುಟ್ಟಲಿಲ್ಲ, ಮುದಿ ನಕ್ಷತ್ರಗಳೇ ಉಳಿದಿವೆ. ಒಂದರಲ್ಲಿ ಮಾತ್ರ ಎಳೆಯವೂ ಇವೆ ಎಂದು ಇಂಚರಾ ಹಟ ಹಿಡಿದಿದ್ದಳಲ್ಲ, ನಿಮಗೂ ಫೋನಿನಲ್ಲಿ ಹೇಳಿದ್ದಳು.

"ಅವು ಅದರವಲ್ಲ, ನಡುವೆ ಅಡ್ಡ ಬಂದ ನಮ್ಮ ಗ್ಯಾಲಕ್ಸಿಯವು. ವೇಗ ಅಳೆದು ನೋಡಿದ್ವಿ, ಹೊಂದಲ್ಲ," ಎಂದರು ಭಾರ್ಗವ್. ಕೊನೆಗೆ ಪಾಠದ ಅಭ್ಯಾಸದಲ್ಲಿ "ಪ್ರಶ್ನೆ ಇದ್ರೆ ಕೇಳಿ" ಎಂದುಬಿಟ್ಟರು. ಎಲ್ಲರೂ ತಲೆ ತಗ್ಗಿಸಿದರು. ನಾನು ಕೈ ಎತ್ತಿದೆ.

"ಇದನ್ನ ಅವಳಿಗೆ ಹೇಳಿದ್ರಾ?"

"ಇಲ್ಲಮ್ಮಾ. ಹೋದ ವಾರವಷ್ಟೇ ಗೊತ್ತಾಯ್ತು."

"ಮತ್ತೆ ಇವತ್ತೇ ಯಾಕ್ರೀ ಹೇಳಿದ್ರಿ? ಅವಳಿದ್ದಿದ್ರೆ ನಿಮ್ಮನ್ನ ಸುಮ್ನೆ ಬಿಡ್ತಿರಲಿಲ್ಲ."

"ಬಿಡ್ತಿರಲಿಲ್ಲ," ಎಂದು ಕಂಪ್ಯೂಟರ್ ಮುಚ್ಚಿದರು. ಆಮೇಲೆ ಕಾಫಿ ಕೊಟ್ಟರು, ಎಲ್ಲರೂ ಕುಡಿದರು.

ಮೊಣಕಾಲು ಊದಿದೆ, ಮೆಟ್ರೊ ಮೆಟ್ಟಿಲು ಹತ್ತಲಾಗುವುದಿಲ್ಲ. ಶುಗರ್ ಮಾತ್ರೆ ತಿಪ್ಪಸಂದ್ರದಲ್ಲಿ ಸಿಕ್ಕಿತು, ಚಿಂತಿಸಬೇಡಿ. ಈ ಅಂಚೆ ಕಾರ್ಡು ತುಂಬಿತು. ನಾಳೆ ಭಾರ್ಗವ್ ಆ ಎಳೆ ನಕ್ಷತ್ರಗಳ ಬಗ್ಗೆ ಅವಳು ಬರೆದ ಭಾಗ ತೆಗೆದು, ಇಬ್ಬರೂ ಸೇರಿ ಬರೆದ ಪ್ರಬಂಧವನ್ನು ಅಚ್ಚಿಗೆ ಕಳಿಸುತ್ತಾರೆ.

ಅಲಮೇಲು