ಈ ದಿಬ್ಬದ ಮಣ್ಣು ಮುಟ್ಟಬೇಡಿ

೨೨೩೧, ಫೆಬ್ರವರಿ ೩೦

ಇಪ್ಪತ್ತೈದು ವರ್ಷದ ಬಳಿಕ ಈ ಕೆಲಸಕ್ಕೆ ಬರುವವರಿಗೆ,

ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೆ ಮೂವತ್ತು ದಿನ; ನಿಮ್ಮದರಲ್ಲಿ ಹೇಗೋ ತಿಳಿಯದು. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಂಡೀತು, ಕ್ಷಮಿಸಿ.

ಈ ದಿಬ್ಬದಡಿ ಹಿಂದಿನವರ ಮನೆ, ಶಾಲೆ, ಗಿರಣಿಗಳ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಶೀಟುಗಳನ್ನು ಹೂತಿದ್ದಾರೆ. ಮಳೆ ಒಂದು ಬದಿಯನ್ನು ಕೊರೆದು ಚೂರುಗಳು ಮೇಲೆ ಬಂದಿವೆ. ಒಣಗಿ ಪುಡಿಯಾದರೆ ಅದರ ಎಳೆ ಕಣ್ಣಿಗೆ ಕಾಣದೆ ಎದೆಗಿಳಿದು ಅಲ್ಲೇ ಉಳಿಯುತ್ತದೆ. ಇಪ್ಪತ್ತು, ನಲವತ್ತು ವರ್ಷ ಏನೂ ತೋರುವುದಿಲ್ಲ. ಈ ಸುಮ್ಮನಿರುವ ಅವಧಿಯನ್ನು ನಾವು ತಡೆಗಾಲ ಎನ್ನುತ್ತೇವೆ. ಆಮೇಲೆ ಕೆಲವರಿಗೆ ಶ್ವಾಸಕೋಶ ಗಡುಸಾಗಿ ಮೆಟ್ಟಿಲು ಹತ್ತಲು ಉಸಿರು ಸಾಲದು. ಕೆಲವರಿಗೆ ಅದರ ಹೊರಪೊರೆಯಲ್ಲಿ ಕ್ಯಾನ್ಸರ್. ಎಳೆ ಕೊಳೆಯುವುದಿಲ್ಲ, ಆದರೆ ಭಾಷೆ ಬದಲಾಗುತ್ತದೆ. ಅದಕ್ಕೇ ಪ್ರತಿ ತಲೆಮಾರಿಗೂ ಸಾಹಿತ್ಯ ಓದಿದ ಒಬ್ಬರನ್ನು ಕಳಿಸಿ ಎಚ್ಚರಿಕೆಯ ಕಲ್ಲನ್ನು ಹೊಸದಾಗಿ ಬರೆಸುತ್ತಾರೆ.

ನಾನು ಬಂದು ಎಂಟು ತಿಂಗಳಾಯಿತು. ವಾರಕ್ಕೊಮ್ಮೆ ದಿನಸಿ ತರುವ ಗಾಡಿಗೆ ಚಾಲಕನಿಲ್ಲ. ಕೆಲವು ಸಂಜೆ, ಧ್ವನಿ ಇನ್ನೂ ಇದೆಯೇ ಎಂದು ನನ್ನ ಹೆಸರನ್ನು ನಾನೇ ಕೂಗಿ ನೋಡುತ್ತೇನೆ.

ಮಂಗಳವಾರ ಮಾತ್ರ ಕೆಳಗಿನ ಊರಿನ ಸಣ್ಣಬಸವ್ವ ಬರುತ್ತಾಳೆ. ನನಗಿಂತ ಮೊದಲು ಈ ಕೆಲಸಕ್ಕೆ ಬಂದವರು ಎಚ್ಚರಿಕೆಯನ್ನು ಪ್ರಾಸ ಕೂಡಿಸಿ ಎಷ್ಟು ಚೆಂದ ಕೆತ್ತಿದ್ದರೆಂದರೆ, ಊರವರು ಆ ಕಲ್ಲನ್ನೇ ಉಸಿರವ್ವ ಎಂದು ಪೂಜಿಸತೊಡಗಿದ್ದಾರೆ. ಬಸವ್ವ ಅದಕ್ಕೆ ಕುಂಕುಮವಿಟ್ಟು, ದಿಬ್ಬದ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳೆ. ಹತ್ತೊಂಬತ್ತರ ಮಗಳು ನೀಲವ್ವನಿಗೆ ಕೆಮ್ಮು. ಮಣ್ಣನ್ನು ಒಣಗಿಸಿ, ಜರಡಿ ಹಿಡಿದು, ಎದೆಗೆ ಹಚ್ಚುತ್ತಾಳೆ. ಇದನ್ನು ನನಗೆ ಅವಳೇ ಹೇಳಿದ್ದು, ಮೊದಲ ತಿಂಗಳಲ್ಲೇ. ನಾನು ತಲೆಯಾಡಿಸಿದೆ, ಅಷ್ಟೇ; ಆಮೇಲಿನ ಮಂಗಳವಾರಗಳಲ್ಲೂ ಅವಳೆದುರು ಬಾಯಿ ಬಿಡಲಿಲ್ಲ. ಹೊಸ ಕಲ್ಲು ಹೇಳುತ್ತದೆ ಎಂದುಕೊಂಡೆ.

ಮೊನ್ನೆ ಆ ಹೊಸ ಕಲ್ಲನ್ನು ನೆಟ್ಟೆ. ಪ್ರಾಸವಿಲ್ಲದ ಒಂದೇ ಸಾಲು: ಈ ದಿಬ್ಬದ ಮಣ್ಣು ಮುಟ್ಟಬೇಡಿ. ಬಸವ್ವನಿಗೆ ಓದು ಬಾರದು. ಅದಕ್ಕೂ ಕುಂಕುಮ ಹಚ್ಚಿ, "ಏನ್ ಬರದೀಯವಾ ಇದರಾಗ?" ಎಂದಳು.

ಹೇಳಿದೆ. ಎಳೆಯ ವಿಷಯ, ತಡೆಗಾಲದ ವಿಷಯ, ಎಲ್ಲವನ್ನೂ. ಅವಳು ಸೆರಗಿನ ಗಂಟನ್ನೇ ನೋಡುತ್ತಿದ್ದಳು.

"ನೀ ಮೂಗಿ ಅಂತ ತಿಳಿದಿದ್ದೆ. ಬಾಯಿ ಐತಿ ನಿನಗ. ಮೊದಲ ಯಾಕ ಹೇಳಲಿಲ್ಲ?"

ಪುಡಿ ಏಳದಂತೆ ಗಂಟಿನ ಮೇಲೆ ನೀರು ಸುರಿದು, ಹಸಿ ಮಣ್ಣನ್ನು ಅಲ್ಲೇ ಇಳಿಸಿದೆವು. ನೀಲವ್ವನಿಗೆ ಏನಾದರೂ ಆಗುತ್ತದೆಯೇ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಆಗದೆಯೂ ಇರಬಹುದು ಎಂದೆ.

ಅದು ಗೊತ್ತಾಗುವ ಹೊತ್ತಿಗೆ ಇಲ್ಲಿರುವವರು ನೀವು. ಬಂದ ದಿನವೇ ಊರಿಗಿಳಿದು ನೀಲವ್ವನ ಮನೆ ಕೇಳಿಕೊಂಡು ಹೋಗಿ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಾಳೆಯೇ ನೋಡಿ. ನಿಂತರೆ, ಈ ಮಣ್ಣಿನ ಕಥೆಯನ್ನು ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಿ. ಕಲ್ಲನ್ನು ಆಮೇಲೆ ಬರೆದರಾಯಿತು.

ದಾಕ್ಷಾಯಣಿ