ಕೆಂಪು ದಾರದ ಸಾಲು

ಮಾರ್ಚ್ 3, ಮಂಗಳವಾರ

ಇವತ್ತೂ ಬೆಡ್‌ಶೀಟು ಮುಗಿಯುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಆಮೇಲೆ ದಿಂಬಿನ ಕವರು. ಲಾಂಡ್ರಿಯಲ್ಲಿ ಬಾಯ್ಲರ್ ಕೆಟ್ಟಿದೆ, ಆವಿ ಸಾಲದು. ಕೈಯಲ್ಲೇ ನೀರು ಚಿಮುಕಿಸಿ, ಎಳೆದೆಳೆದು ಇಸ್ತ್ರಿ ಹಾಕಿದೆ. ಭುಜ ಹಿಡಿದುಕೊಂಡಿದೆ.

ಮನೆಗೆ ಬಂದು ಕೌದಿಯ ತ್ರಿಕೋನ ಹಿಡಿದು ಕೂತೆ. ಬಿಳಿಯದು ಹೆಂಡತಿಯ ನೈಟಿಯದು, ನೀಲಿ ನನ್ನ ಹಳೇ ಯೂನಿಫಾರಮ್ಮಿನದು. ಅವಳೇ ಕತ್ತರಿಸಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಳು. ಒಂದು ಬಿಳಿ, ಒಂದು ನೀಲಿ, ಓರೆ ಅಂಚು ಕೂಡಿಸಿ ಹೊಲಿದರೆ ಒಂದು ಚೌಕ. ಚೌಕಗಳನ್ನು ಸಾಲಾಗಿ ಜೋಡಿಸಿದರೆ ಗರಗಸದ ಹಲ್ಲಿನ ಹಾಗೆ ಒಂದು ಪಟ್ಟಿ. ಕೌದಿಯ ನಡುಭಾಗ ಮುಗಿಸಿದ್ದಳು. ಸುತ್ತ ಪಟ್ಟಿ ಹಾಕುವಷ್ಟು ಕಾಲ ಸಿಗಲಿಲ್ಲ. ಅವಳು ತೀರಿಹೋಗಿ ಒಂದು ಚಳಿಗಾಲ ಕಳೆಯಿತು.

ಕೌದಿ ಗುಬ್ಬಿಗೆ. ಮಗಳಿಗೆ ಬೇರೆ ಹೆಸರಿದೆ, ಮನೆಯಲ್ಲಿ ಯಾರೂ ಕರೆಯುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಅತ್ತಿಗೆ ಬಂದು ಅವಳನ್ನು ಕರೆದುಕೊಂಡು ಹೋಗುತ್ತಾರೆ — ಅತ್ತಿಗೆ ಅಂದರೆ ಹೆಂಡತಿಯ ಅಕ್ಕ. ಇನ್ನು ಸ್ಕೂಲೂ ಅಲ್ಲೇ. ನಾನು ಬೆಳಕು ಹರಿಯುವ ಮುಂಚೆ ಹೊರಡುವವನು. ಹನ್ನೊಂದು ವರ್ಷದ ಹುಡುಗಿಯನ್ನು ಒಂಟಿಯಾಗಿ ಎಷ್ಟು ದಿನ ಬಿಡಲಿ. ಒಪ್ಪಿದ್ದು ನಾನೇ.

"ಕೌದಿ ತಗೊಂಡೇ ಹೋಗೋದು" ಅಂದಳು ಗುಬ್ಬಿ. "ಎಲ್ಲಿ ಮಲಗಿದ್ರೂ ಇದನ್ನೇ ಹೊದ್ಕೊ ಅಂತ ಅಮ್ಮ ಹೇಳಿದ್ದಾಳೆ."

ಮುಗಿಸಿಕೊಡ್ತೀನಿ ಅಂದೆ. ಜೊತೆಗೆ ಕಳಿಸಲಿಕ್ಕೆ ನನ್ನ ಹತ್ತಿರ ಇನ್ನೇನಿದೆ.

ಮಾರ್ಚ್ 5, ಗುರುವಾರ

ಮೊದಲ ಪಟ್ಟಿ ಮುಗಿಯಿತು. ಚೆನ್ನಾಗಿ ನೀರು ಹೊಡೆದು ಇಸ್ತ್ರಿ ಹಾಕಿದೆ. ಹೋಟೆಲಿನ ಮೇಜಿನ ಬಟ್ಟೆಯ ಹಾಗೆ ನಿಂತಿತು. ಕೌದಿಯ ಮೇಲೆ ಇಟ್ಟು ನೋಡಿದರೆ ಒಂದು ಗೇಣು ಆಚೆಗಿದೆ. ಅಳೆದೆ. ಮತ್ತೆ ಅಳೆದೆ.

ಗುಬ್ಬಿ ಗಣಿತದ ಪುಸ್ತಕದಿಂದ ತಲೆ ಎತ್ತಿ, "ಉದ್ದ ಇದ್ರೆ ಒಳ್ಳೇದಲ್ವಾ, ನಾನೂ ಉದ್ದ ಆಗ್ತೀನಿ" ಅಂದಳು.

ಮಾರ್ಚ್ 8, ಭಾನುವಾರ

ಕೆಳಗಿನ ಅಂಗಡಿಯ ಟೇಲರ್ ಹತ್ತಿರ ಹೋದೆ. ಗುಬ್ಬಿಯೂ ಬಂದಳು. ಆ ಯಜಮಾನರು ಕನ್ನಡಕ ಹಣೆಗೇರಿಸಿ ಪಟ್ಟಿಯನ್ನು ಬೆಳಕಿಗೆ ಹಿಡಿದರು.

"ಯಾರಪ್ಪ ಇಸ್ತ್ರಿ ಹಾಕಿದ್ದು?"

"ನಾನೇ. ಅದೇ ನನ್ನ ಕೆಲಸ."

"ಅದಕ್ಕೇ ಹೀಗಾಗಿದೆ." ನಗು ತಡೆಯಲಾಗಲಿಲ್ಲ ಅವರಿಗೆ. "ಬೆಡ್‌ಶೀಟು ಎಳೆದ ಹಾಗೆ ಎಳೆದಿದೀಯ. ಓರೆ ಕತ್ತರಿಸಿದ್ದು ಕ್ರಾಸ್ ಬಟ್ಟೆ, ಎಳೆದಷ್ಟೂ ಬರುತ್ತೆ. ನೋಡಿಲ್ಲಿ, ತ್ರಿಕೋನಕ್ಕೆ ಬಾಲ ಬಂದಿದೆ!"

"ಹಾಗಾದ್ರೆ ಇಸ್ತ್ರಿನೇ ಬೇಡ್ವಾ?"

"ಹಾಕು. ಉಜ್ಜಬೇಡ. ಪೆಟ್ಟಿಗೆ ಇಡು, ಎತ್ತು, ಪಕ್ಕದಲ್ಲಿಡು. ಮಲಗಿರೋ ಮಗು ತಲೆ ಮೇಲೆ ಕೈ ಇಡ್ತೀವಲ್ಲ, ಹಾಗೆ. ನೀರು ಮುಟ್ಟಿಸಬೇಡ. ಹೊಲಿಗೆ ಆಚೆ ಬಿಡೋ ಮಾರ್ಜಿನ್ ಕಾಲಿಂಚು ಅಂದ್ರೆ ಕಾಲಿಂಚೇ. ಒಂದು ಚೌಕದಲ್ಲಿ ಕೂದಲೆಳೆ ತಪ್ಪಿದ್ರೆ ಸಾಲಿನ ಕೊನೆಗೆ ಬೆರಳಗಲ ಆಗಿರುತ್ತೆ."

ಮೆಟ್ಟಿಲು ಹತ್ತುವಾಗ ಗುಬ್ಬಿ, "ಅಪ್ಪನಿಗೆ ಇಸ್ತ್ರಿ ಹಾಕೋಕೇ ಬರಲ್ವಂತೆ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. ನಕ್ಕಳು. ಬಹಳ ದಿನಕ್ಕೆ.

ಮಾರ್ಚ್ 14, ಶನಿವಾರ

ಕೈ ಹಿಡಿತಕ್ಕೆ ಬಂತು. ಮಿಷಿನ್ನಿನ ತಗಡಿನ ಮೇಲೆ ಕಾಲಿಂಚಿಗೆ ಸರಿಯಾಗಿ ರಟ್ಟಿನ ಚೂರು ಅಂಟಿಸಿದ್ದೇನೆ. ಬಟ್ಟೆ ಅದಕ್ಕೆ ತಾಗಿಕೊಂಡು ಹೋದರೆ ತಪ್ಪುವುದಿಲ್ಲ. ಮೊನೆ ಎಲ್ಲ ಚೂಪಾಗಿ ನಿಲ್ಲುತ್ತಿವೆ. ಬಾಲ ಬಂದಿದ್ದನ್ನೆಲ್ಲ ಬಿಚ್ಚಿದೆ. ಮತ್ತೆ ನೈಟಿ ಕತ್ತರಿಸಬೇಕಾಯಿತು. ಕತ್ತರಿ ಇಡುವ ಮುಂಚೆ ಅದನ್ನು ಮಡಿಸಿದೆ, ಮತ್ತೆ ಬಿಡಿಸಿದೆ.

ಅತ್ತಿಗೆ ಫೋನ್ ಮಾಡಿದ್ದರು. 29ಕ್ಕೆ ಬರುತ್ತಾರಂತೆ. "ಹುಡುಗಿ ಅಳ್ತಾಳಾ?" ಇಲ್ಲ ಅಂದೆ. "ನೀನು?" ಕುಕ್ಕರ್ ಕೂಗ್ತಿದೆ ಅಂತ ಇಟ್ಟುಬಿಟ್ಟೆ. ಕುಕ್ಕರ್ ಇಟ್ಟೇ ಇರಲಿಲ್ಲ.

ಮಾರ್ಚ್ 22, ಭಾನುವಾರ

ನಾಲ್ಕೂ ಪಟ್ಟಿ ತಯಾರು. ಒಂದೊಂದೂ ಅಳತೆಗೆ ಸರಿ. ಮೇಲಿನದನ್ನು ಕೂಡಿಸಿದೆ, ಹೇಳಿ ಮಾಡಿಸಿದ ಹಾಗೆ ಕೂತಿತು. ಕೆಳಗಿನದು ಕೂರಲಿಲ್ಲ. ಎರಡು ಬೆರಳು ಹೆಚ್ಚು.

ಟೇಲರ್ ಮೇಲೆ ಬಂದು ನೋಡಿದರು. "ನಿನ್ನ ಪಟ್ಟಿ ಸರಿ ಇದೆ. ನಡುಭಾಗ ಸರಿ ಇಲ್ಲ. ಈ ಕೊನೇ ಸಾಲು ನೋಡು."

ಕೊನೆಯ ಸಾಲು ಮಾತ್ರ ಕೈಹೊಲಿಗೆ. ಕೆಂಪು ದಾರ. ಮಿಷಿನ್ ತುಳಿಯುವ ಶಕ್ತಿ ಹೋದ ಮೇಲೆ ಹಾಸಿಗೆಯಲ್ಲಿ ಕೂತು ಹೊಲಿದದ್ದಿರಬೇಕು. ಹೊಲಿಗೆ ಒಂದು ಕಡೆ ಏರಿದೆ, ಒಂದು ಕಡೆ ಇಳಿದಿದೆ, ಕೆಲವು ಕಡೆ ಬಟ್ಟೆಯನ್ನು ಒಳಗೆ ಜಾಸ್ತಿ ತೆಗೆದುಕೊಂಡಿದ್ದಾಳೆ. ಅದಕ್ಕೇ ಸಾಲು ಕುಗ್ಗಿದೆ.

"ಪಟ್ಟಿಯ ಕೊನೇ ತ್ರಿಕೋನದಲ್ಲಿ ಎರಡು ಬೆರಳು ಕತ್ತರಿಸಿಬಿಡು" ಅಂದರು ಟೇಲರ್.

"ಮೊನೆ ಹೋಗುತ್ತಲ್ಲ."

"ಹೋಗ್ಲಿ ಬಿಡು ಮಹರಾಯ. ಒಂದು ಮೂಲೇಲಿ ಮೊನೆ ಇಲ್ಲ ಅಂತ ಯಾರ ನಿದ್ದೆ ಕೆಡುತ್ತೆ?"

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಈ ಸಾಲು ಬಿಚ್ಚಿ ಹೊಸದಾಗಿ ಹೊಲಿ." ಹೇಳಿ ನನ್ನ ಮುಖ ನೋಡಿದರು. ಆಮೇಲೆ ಕೌದಿಯನ್ನು ಮಡಿಸಿ ನನ್ನ ತೊಡೆ ಮೇಲೆ ಇಟ್ಟು ಇಳಿದು ಹೋದರು.

ಮಾರ್ಚ್ 25, ಬುಧವಾರ. ಮಧ್ಯಾಹ್ನ

ಬಾಯ್ಲರ್ ಪೂರ್ತಿ ನಿಂತಿತು. ಅರ್ಧ ದಿನಕ್ಕೇ ಮನೆಗೆ ಕಳಿಸಿದರು. ಗುಬ್ಬಿ ಸ್ಕೂಲಿನಲ್ಲಿದ್ದಾಳೆ.

ಬಿಚ್ಚಿದೆ. ಬ್ಲೇಡಿನಲ್ಲಿ. ದಾರ ತುಂಡು ತುಂಡಾಗಿ ಬಂತು. ಬಿಸಾಡಲು ಮನಸ್ಸು ಬರಲಿಲ್ಲ, ಸಣ್ಣ ತಟ್ಟೆಯಲ್ಲಿ ಹಾಕಿಟ್ಟೆ. ಬಟ್ಟೆಯ ಮೇಲೆ ಸೂಜಿಯ ತೂತು ಉಳಿದಿದ್ದವು. ಚೌಕಕ್ಕೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಯ ಆವಿ ಹಿಡಿದರೆ ತೂತು ಮುಚ್ಚಿಕೊಳ್ಳುತ್ತೆ. ಹೋಟೆಲಿನವರ ಹೊಲಿಗೆ ಬಿಚ್ಚಿದ ಶೀಟಿಗೆ ದಿನಾ ಮಾಡುವುದೇ ಅದು. ಒಂದೂ ಕಾಣದ ಹಾಗೆ ಮಾಡಿದೆ. ಮಿಷಿನ್ನಿನಲ್ಲಿ ಹೊಲಿದೆ. ಕೆಳಗಿನ ಪಟ್ಟಿ ಇಟ್ಟೆ.

ಕೂತಿತು. ಮೊನೆಗೆ ಮೊನೆ.

ಅದೇ ದಿನ. ಸಂಜೆ

ಗುಬ್ಬಿ ಬ್ಯಾಗು ಇಳಿಸಿದವಳೇ ಕೌದಿ ನೋಡಿದಳು. ಆಮೇಲೆ ತಟ್ಟೆ.

"ಇದೇನು?"

"ಸಾಲು ಸೊಟ್ಟ ಇತ್ತು, ಪುಟ್ಟಿ. ಪಟ್ಟಿ ಕೂರ್ತಿರ್ಲಿಲ್ಲ. ಸರಿ ಮಾಡಿದೆ."

ಒಂದು ದಾರದ ತುಂಡು ಎತ್ತಿಕೊಂಡಳು. ಅದನ್ನೇ ಹಿಡಿದು ಗೋಡೆ ಕಡೆ ತಿರುಗಿಕೊಂಡಳು:

"ಅದಕ್ಕೆ ದಾರ ಪೋಣಿಸಿ ಕೊಟ್ಟಿದ್ದು ನಾನು. ಅಮ್ಮನಿಗೆ ಸೂಜಿ ಕಣ್ಣು ಕಾಣ್ತಿರ್ಲಿಲ್ಲ. ಸ್ಕೂಲಿಂದ ಬಂದು ದಿನಾ ಕೂತ್ಕೋತಿದ್ವಿ. ನೀನು ಲಾಂಡ್ರಿಲಿರ್ತಿದ್ದೆ."

"ನನಗೆ ಗೊತ್ತಿರ್ಲಿಲ್ಲ."

"ಸೊಟ್ಟ ಆಯ್ತು ಅಂತ ಅಮ್ಮ ನಗ್ತಿದ್ಳು. ಅಪ್ಪ ಬೈತಾನೆ ಅಂದೆ. ನಿಮ್ಮಪ್ಪನಾ? ಏನೂ ಅನ್ನಲ್ಲ, ಮಡಿಸಿಟ್ಕೋತಾನೆ ನೋಡ್ತಿರು ಅಂದ್ಳು."

ಊಟ ಮಾಡಲಿಲ್ಲ ಅವಳು. ನಾನೂ.

ಮಾರ್ಚ್ 29, ಭಾನುವಾರ

ಅತ್ತಿಗೆ ಬೆಳಗಿನ ಬಸ್ಸಿಗೆ ಬಂದರು. ಬಂದವರೇ ಅಡುಗೆಮನೆ ನೋಡಿ ಮೂಗು ಮುರಿದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾತ್ರೆಗೆ ನಿಂತರು. "ಈ ಬಾಣಲೆ ತೊಳೆದು ಎಷ್ಟು ದಿನವಾಯ್ತಪ್ಪಾ? ಅವಳಿದ್ದಿದ್ರೆ ನಿನ್ನನ್ನೇ ಇದರಲ್ಲಿ ಹುರಿದಿರೋಳು." ಹೇಳಿದವರು ನಲ್ಲಿ ಜೋರಾಗಿ ಬಿಟ್ಟುಕೊಂಡು ಬಹಳ ಹೊತ್ತು ತಿರುಗಲಿಲ್ಲ.

ಗುಬ್ಬಿಯ ಬಟ್ಟೆ ಒಂದು ಸೂಟ್‌ಕೇಸಿಗೆ ಹಿಡಿಯಿತು.

"ಕೌದಿ ಎಲ್ಲೇ? ಅದಿಲ್ಲದೆ ಬರಲ್ಲ ಅಂತಿದ್ದೆಯಲ್ಲ ಫೋನಲ್ಲಿ."

"ಬೇಡ ದೊಡ್ಡಮ್ಮ."

"ಮುಗಿದಿಲ್ವಾ? ಮುಗಿದ ಮೇಲೆ ನಿಮ್ಮಪ್ಪ ಕಳಿಸ್ತಾನೆ ಬಿಡು."

ಗುಬ್ಬಿ ಶೂ ಕಟ್ಟಿಕೊಂಡಳು. ಬಸ್ ಸ್ಟಾಂಡಿನಲ್ಲಿ ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟೆ. ಗಾಜು ಸರಿಸಲು ಬರಲಿಲ್ಲ, ಹೊರಗಿನಿಂದ ಕೈಯೆತ್ತಿದೆ. ಅವಳೂ ಎತ್ತಿದಳು — ಪರಿಚಯದವರಿಗೆ ಎತ್ತುವಷ್ಟು.

ಮನೆಗೆ ಬಂದೆ. ದಾರ ಇಟ್ಟಿದ್ದ ತಟ್ಟೆಯನ್ನು ಯಾರೋ ತೊಳೆದು ಬೋರಲು ಹಾಕಿದ್ದಾರೆ. ದಾರ ಇಲ್ಲ. ಅತ್ತಿಗೆ ಚೆಲ್ಲಿದರೇನೋ ಅಂತ ಕಸದ ಬುಟ್ಟಿ ಹುಡುಕಿದೆ. ಅಲ್ಲೂ ಇಲ್ಲ. ಕಂಪಾಸ್ ಬಾಕ್ಸಿನ ಸಾಮಾನೆಲ್ಲ ಅವಳ ಮೇಜಿನ ಮೇಲೆ ಸುರಿದಿದೆ, ಡಬ್ಬಿ ಮಾತ್ರ ತೆಗೆದುಕೊಂಡು ಹೋಗಿದ್ದಾಳೆ.

ಏಪ್ರಿಲ್ 11, ಶನಿವಾರ

ಎಡಬಲದ ಪಟ್ಟಿಯೂ ಕೂಡಿಸಿದೆ. ನಾಲ್ಕು ಮೂಲೆಯಲ್ಲೂ ಮೊನೆ ಕೂಡಿದೆ. ಟೇಲರ್ ಬೆರಳಾಡಿಸಿ ನೋಡಿ, "ಕಾರ್ಖಾನೆಯಿಂದ ಬಂದ ಹಾಗಿದೆ" ಅಂದರು. ಹೊಗಳಿದ್ದು ಅವರು. ಹೌದು, ಹಾಗೇ ಇದೆ.

ಫೋನ್ ಮಾಡಿದೆ.

"ಊಟ ಆಯ್ತಾ?"

"ಹ್ಞೂಂ."

"ಊರು ಹೇಗಿದೆ?"

"ಇದೆ."

"ಕೌದಿ ಮುಗೀತು. ಕಳಿಸ್ಲಾ?"

"ಇಲ್ಲಿ ರಗ್ಗು ಕೊಟ್ಟಿದಾರೆ." ಆಮೇಲೆ, "ಇಡ್ತೀನಿ ಅಪ್ಪ."

ಏಪ್ರಿಲ್ 12, ಭಾನುವಾರ

ರಜೆ. ಬೆಳಗ್ಗೆಯೇ ಬ್ಲೇಡು ತೆಗೆದುಕೊಂಡು ಕೂತೆ. ಕೊನೆಯ ಸಾಲಿನ ಮಿಷಿನ್ ಹೊಲಿಗೆ ಬಿಚ್ಚಿದೆ. ಸಲೀಸಾಗಿ ಬಂತು, ಒಂದೇ ಎಳೆ. ಪಟ್ಟಿ ಮತ್ತೆ ಎರಡು ಬೆರಳು ಆಚೆ ಬರುತ್ತೆ, ಬರಲಿ.

ಅವಳು ಹೊಲಿದಲ್ಲೇ ಹೊಲಿಯಬೇಕು ಅಂತ. ಕೆಂಪು ದಾರ ತಂದಿದ್ದೇನೆ, ಅದೇ ಬಣ್ಣ ಅಲ್ಲ. ಸೂಜಿಗೆ ಪೋಣಿಸಲು ಎಷ್ಟು ಸಲ ಎಂಜಲು ಹಚ್ಚಿದೆನೋ. ಆದರೆ ಎಲ್ಲಿ ಚುಚ್ಚಲಿ? ಎಲ್ಲಿ ಏರಿತ್ತು, ಎಲ್ಲಿ ಇಳಿದಿತ್ತು, ನಾನು ನೋಡೇ ಇಲ್ಲ. ಸೊಟ್ಟ ಅನ್ನುವುದಷ್ಟೇ ನೋಡಿದ್ದೆ. ತೂತುಗಳಿದ್ದರೆ ದಾರಿ ಸಿಗುತ್ತಿತ್ತು. ನನ್ನ ಇಸ್ತ್ರಿ ಒಂದನ್ನೂ ಬಿಟ್ಟಿಲ್ಲ.

ಬಟ್ಟೆಯನ್ನು ಕಿಟಕಿಗೆ ಹಿಡಿದುಕೊಂಡಿದ್ದೇನೆ. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ. ನೀಲಿ ಚೌಕದಲ್ಲಿ ಏನೂ ಕಾಣದು. ಬಿಳಿಯದರಲ್ಲಿ... ಇಲ್ಲೊಂದು ಇದೆ. ಸೂಜಿ ಮೊನೆಯಷ್ಟು ಬೆಳಕು. ಅದರ ಮುಂದಿನದು ನೇರಕ್ಕಿಲ್ಲ. ಕೆಳಗೆ, ಎಡಕ್ಕೆ — ಅವಳ ಕೈ ನಡುಗಿದ್ದು ಇಲ್ಲಿ. ಮೂರನೆಯದು... ಪೆನ್ನು ಇಟ್ಟು ಸೂಜಿ ತೆಗೆದುಕೊಳ್ಳುತ್ತೇನೆ.