ಬೆನ್ನ ಮೇಲೆ ನಿನ್ನ ಹೆಸರು

ಪ್ರೀತಿಯ ವರ್ನೆಲ್ ದೊಡ್ಡಮ್ಮ,

ಸಿಕ್ಕಿತು ದೊಡ್ಡಮ್ಮ, ಸಿನಿಮಾದ ಓಟಗಾರ್ತಿಯ ಪಾತ್ರ ನನಗೇ ಸಿಕ್ಕಿತು, ಕಾಲೇಜು ತಂಡದಲ್ಲಿ ನನ್ನ ಜಾಗವೂ ಉಳಿಯಿತು! ಫೋನು ಬಂದಾಗ ನಾನು ಕುಣಿದ ಕುಣಿತಕ್ಕೆ ಒಲೆಯಲ್ಲಿದ್ದ ಜೋಳದ ಬ್ರೆಡ್ಡು ಕರಕಲಾಯಿತು. ಮದುವೆಯಾಗಿ ಇನ್ನೂ ಇಪ್ಪತ್ತು ದಿನ, ಕ್ವಿನ್ಸಿ ಆ ಕರಕಲನ್ನೂ "ಎಷ್ಟ್ ಚೆನ್ನಾಗಿದೆ" ಎಂದು ತಿಂದ. ಇಂಥ ಗಂಡ ಯಾರಿಗಿದ್ದಾನೆ ಹೇಳು!

ಆದರೆ ಈ ಫೋನು ಬರುವ ಮೊದಲು ಎರಡು ದಿನ ನನಗೆ ಊಟ ಸೇರಿರಲಿಲ್ಲ. ಕಣ್ಣ ಮುಂದೆ ನಿನ್ನ ಕಥೆಯೇ. ಒಂದೇ ಒಂದು ಸಲ ಹೇಳಿದ್ದೆ ನೀನು, ನನ್ನ ಕೂದಲು ಹೆಣೆಯುತ್ತಾ. ನಿನ್ನ ಕಾಲೇಜಿಗೆ ಸಿನಿಮಾದವರು ಬಂದಿದ್ದರು. ನಾಯಕಿ ಬಿಳಿಯ ಓಟಗಾರ್ತಿ, ಆದರೆ ಆ ನಟಿಗೆ ಓಡಲು ಬಾರದು. ನಿನಗೆ ಹೊಂಬಣ್ಣದ ವಿಗ್ ಇಟ್ಟು, ನಿನ್ನ ಕಪ್ಪು ಕಾಲು ಕಾಣದಂತೆ ತೆಳು ಬಣ್ಣದ ಉದ್ದ ಕಾಲುಚೀಲ ತೊಡಿಸಿ, ಹಿಂದಿನಿಂದ ಮಾತ್ರ ಚಿತ್ರ ತೆಗೆದರು. ಅವರು ಕೊಟ್ಟ ದುಡ್ಡಿನಲ್ಲಿ ನೀನು ಅಜ್ಜಿಗೆ ಚರ್ಚಿಗೆ ಹಾಕಿಕೊಳ್ಳಲು ಟೋಪಿ ಕೊಂಡೆ. ಓಟದಿಂದ ದುಡ್ಡು ಪಡೆದವರು ಕಾಲೇಜಿನ ಪರವಾಗಿ ಓಡುವಂತಿಲ್ಲ ಎಂಬುದು ಆಗಿನ ನಿಯಮ. ಕೊನೆಯ ವರ್ಷ ನಿನ್ನನ್ನು ತಂಡದಿಂದ ತೆಗೆದರು. "ಮುಖಾನೂ ಕಾಣ್ಲಿಲ್ಲ, ಓಟಾನೂ ಹೋಯ್ತು. ಟೋಪಿ ಮಾತ್ರ ಚೆನ್ನಾಗಿತ್ತು ಕಣೇ" ಎಂದು ನಕ್ಕು, ನನ್ನ ಜಡೆಯನ್ನು ಸ್ವಲ್ಪ ಬಿಗಿಯಾಗಿಯೇ ಎಳೆದಿದ್ದೆ.

ಈಗ ನಿಯಮ ಬದಲಾಗಿದೆ, ನಮ್ಮ ಹೆಸರು, ಮುಖಗಳಿಂದ ನಾವು ಸಂಪಾದಿಸಬಹುದು, ಕಾಲೇಜಿನ ಗುರುತನ್ನು ಮಾತ್ರ ಅದಕ್ಕೆ ಬಳಸುವಂತಿಲ್ಲ. ಆದರೆ ನಾನು ಪೆದ್ದಿ, ಪಾತ್ರಕ್ಕಾಗಿ ಕಳಿಸಿದ ವಿಡಿಯೊದಲ್ಲಿ ಕಾಲೇಜಿನ ಅಂಗಿ ಹಾಕಿಕೊಂಡೇ ಓಡಿದ್ದೆ! ಕಾಲೇಜಿನಲ್ಲಿ ಈ ನಿಯಮಗಳನ್ನು ನೋಡಿಕೊಳ್ಳುವ ಮಿಸೆಸ್ ಪ್ರುಯಿಟ್ ಕರೆಸಿದರು. ನನ್ನ ಕೊನೆಯ ವರ್ಷವೂ ಹೋಯಿತು ಎಂದುಕೊಂಡು ಕುರ್ಚಿಯ ತುದಿಯಲ್ಲಿ ಕೂತೆ, ಅತ್ತೂಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ, "ಅಯ್ಯೋ, ಯಾಕಮ್ಮ ಅಳ್ತೀಯ? ಅಂಗಿ ನಮ್ದು, ಮುಖ ನಿಂದು. ಮುಖ ಎಲ್ಲಿಗೆ ಬೇಕಾದ್ರೂ ತಗೊಂಡ್ಹೋಗು, ಅಂಗಿ ಇಲ್ಲೇ ಬಿಟ್ಟು ಹೋಗು" ಎಂದರು. ಬೇರೆ ವಿಡಿಯೊ ಕಳಿಸಿದರೆ ಸಾಕಿತ್ತು, ಅಷ್ಟೇ!

ಮನೆಗೆ ಬಂದು ನೋಡಿದರೆ ನನ್ನ ಓಟದ ಅಂಗಿಗಳೆಲ್ಲ ಕಾಲೇಜಿನವೇ. ಕ್ವಿನ್ಸಿ ಪೆಟ್ಟಿಗೆಯನ್ನೆಲ್ಲ ಕೆದಕಿ, ಹೋದ ಬೇಸಿಗೆಯ ನಮ್ಮ ಟಾಲಿವರ್ ಮನೆತನದ ಬಂಧುಕೂಟದ ನೇರಳೆ ಅಂಗಿ ತೆಗೆದ. ಬೆನ್ನ ಮೇಲೆ ಮನೆಮಂದಿಯ ಹೆಸರುಗಳು, ಎಲ್ಲಕ್ಕಿಂತ ಮೇಲೆ ನಿನ್ನದು. ಅದನ್ನೇ ಹಾಕಿಕೊಂಡು ಓಡಿದೆ. ನಿರ್ದೇಶಕಿಗೆ ಅದೆಷ್ಟು ಹಿಡಿಸಿತೆಂದರೆ, ಸಿನಿಮಾದಲ್ಲೂ ಅದೇ ಅಂಗಿ ಬೇಕಂತೆ. ಹೆಸರುಗಳಿರುವುದರಿಂದ ಮನೆತನದ ಹಿರಿಯರ ಸಹಿ ಬೇಕಂತೆ.

ಆ ಹಿರಿಯಳು ನೀನು. ಸಿನಿಮಾ ಬಂದರೆ ಟಿವಿ ಆರಿಸಿ ಎದ್ದು ಹೋಗುವವಳೆಂದು ನನಗೆ ಗೊತ್ತು. ನೀನು ಬೇಡವೆಂದರೆ ಬೇರೆ ಅಂಗಿ ಹಾಕಿಕೊಂಡು ಓಡುತ್ತೇನೆ, ಮುನಿಸಿಲ್ಲ. ಆದರೆ ಒಮ್ಮೆ ನೆನೆಸಿಕೋ ದೊಡ್ಡಮ್ಮ: ಈ ಸಲ ಮುಂದಿನಿಂದ ತೆಗೆದರೆ ನನ್ನ ಮುಖ, ಹಿಂದಿನಿಂದ ತೆಗೆದರೆ ನಿನ್ನ ಹೆಸರು!

ಕಾಗದ ತರುತ್ತಿದ್ದೇನೆ, ಗಂಡನನ್ನೂ ತರುತ್ತಿದ್ದೇನೆ. ಅಷ್ಟರಲ್ಲಿ ದೇವರು ನಿನ್ನ ಮಂಡಿನೋವಿಗೆ ರಜೆ ಕೊಡಲಿ. ಅಜ್ಜಿಯ ಆ ಟೋಪಿ ಹಾಕಿಕೊಂಡು ನಿಲ್ದಾಣಕ್ಕೆ ಬಾ.

ನೀನು ಹೆಣೆದ ಜಡೆಯಲ್ಲೇ ಇನ್ನೂ ಓಡುತ್ತಿರುವ,
ಜೊನೆಟ್

ಶುಕ್ರವಾರ ಮಧ್ಯಾಹ್ನ, ಮೆರಿಡಿಯನ್ ನಿಲ್ದಾಣ, ಅಟ್ಲಾಂಟಾ ಕಡೆಯಿಂದ ಬರುವ ಕ್ರೆಸೆಂಟ್ ರೈಲು.